ಲ್ಯಾಪ್‌ಟಾಪಿನಲ್ಲಿ ಸರಿ, ಬೋರ್ಡಿಗೆ ಕಟ್ಟಿದರೆ ದೋಷ: ಕ್ರಾಸ್ ಕಂಪೈಲ್ ಎಡವುವುದು ಎಲ್ಲಿ?

ಪ್ರಶ್ನೆ: ಶೈತ್ಯಾಗಾರಗಳ ಉಷ್ಣತೆಯನ್ನು ದಾಖಲಿಸುವ ಸಣ್ಣ ಉಪಕರಣವೊಂದನ್ನು ನಾವು ತಯಾರಿಸುತ್ತೇವೆ. ಅದರ ತಂತ್ರಾಂಶ 2009ರ ಸುಮಾರಿಗೆ ಸಿ ಭಾಷೆಯಲ್ಲಿ ಬರೆದದ್ದು. ಕಟ್ಟುವ ಮುನ್ನ ಯಂತ್ರವನ್ನು ಪರೀಕ್ಷಿಸುವ ‘ಕಾನ್ಫಿಗರ್’ ಸ್ಕ್ರಿಪ್ಟನ್ನು ಹುಟ್ಟಿಸುವ ಆಟೋಕಾನ್ಫ್ ಬಳಸುತ್ತದೆ, ಝಡ್‌ಲಿಬ್ (ಸಂಕೋಚನ) ಮತ್ತು ಎಸ್‌ಕ್ಯೂಲೈಟ್ (ಡೇಟಾಬೇಸ್) ಲೈಬ್ರರಿಗಳು ಅದಕ್ಕೆ ಬೇಕು. ಇಲ್ಲಿಯವರೆಗೆ ಅದು ಸಾಮಾನ್ಯ ಪಿಸಿಯಲ್ಲಿ ಓಡುತ್ತಿತ್ತು, ಈಗ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಒಯ್ಯಬೇಕಾಗಿದೆ. ಇಂಥ ಬೋರ್ಡುಗಳಿಗೆ ಲಿನಕ್ಸ್ ವ್ಯವಸ್ಥೆಯನ್ನು ಕಟ್ಟಿಕೊಡುವ ಬಿಲ್ಡ್‌ರೂಟ್‌ನಿಂದ ಟೂಲ್‌ಚೈನ್ (ಬೋರ್ಡಿಗಾಗಿ ಕಟ್ಟುವ ಕಂಪೈಲರ್, ಲಿಂಕರ್ ಮುಂತಾದವು) ಸಿದ್ಧಪಡಿಸಿ, --ಹೋಸ್ಟ್ ಆಯ್ಕೆ ಕೊಟ್ಟು ಕಾನ್ಫಿಗರ್ ಸ್ಕ್ರಿಪ್ಟನ್ನು ಕೈಯಿಂದಲೇ ಓಡಿಸಿದೆ. ಮೊದಲು ‘ಕೆನಾಟ್ ರನ್ ಟೆಸ್ಟ್ ಪ್ರೋಗ್ರಾಂ ವೈಲ್ ಕ್ರಾಸ್ ಕಂಪೈಲಿಂಗ್’ ಎಂದು ನಿಂತಿತು. ಆ ಪರೀಕ್ಷೆಯ ಸಾಲುಗಳನ್ನು ಅಳಿಸಿದೆ. ಬಳಿಕ ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ‘ರಿಲೊಕೇಶನ್ಸ್ ಇನ್ ಜೆನೆರಿಕ್ ಎಲ್ಫ್, ಇಎಂ: 62’ ಎಂದಿತು, ಮೇಕ್ ಕ್ಲೀನ್ ಮಾಡಿದೆ. ಆಗ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬಂತು. ಬೇರೆ ಪ್ರೊಸೆಸರನ್ನು ಅನುಕರಿಸುವ ಕ್ಯೂಎಮು ಮತ್ತು ಆರ್ಮ್ ಲೈಬ್ರರಿಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡ ಮೇಲೆ ಅದು ಹೋಯಿತು. ಕೊನೆಗೆ ‘ಆರ್‌ಪಿಎಲ್_ಮ್ಯಾಲಕ್’ ಸಿಗುತ್ತಿಲ್ಲ ಎಂದಿತು. ಆ ಹೆಸರಿನ ಫಂಕ್ಷನ್ ಒಂದನ್ನು ನಾನೇ ಬರೆದು ಸೇರಿಸಿದೆ. ಈಗ ನನ್ನಲ್ಲಿ ಕಟ್ಟುತ್ತದೆ. ಆದರೆ ಸಹೋದ್ಯೋಗಿಯ ಯಂತ್ರದಲ್ಲಿ ಎಸ್‌ಕ್ಯೂಲೈಟ್ ಇಲ್ಲ ಎಂದು ಕಾನ್ಫಿಗರ್‌ನಲ್ಲೇ ನಿಲ್ಲುತ್ತದೆ. ತಪ್ಪಿದ್ದೆಲ್ಲಿ?

ಉತ್ತರ: ನೀವು ಕಂಡ ಐದು ದೋಷಗಳೂ ಹೊರನೋಟಕ್ಕೆ ಬೇರೆ ಬೇರೆ, ಆದರೆ ಜಾತಿ ಒಂದೇ. ಕ್ರಾಸ್ ಕಂಪೈಲ್ ಎಂದರೆ ಒಂದು ಯಂತ್ರದಲ್ಲಿ ಇನ್ನೊಂದು ಬಗೆಯ ಯಂತ್ರಕ್ಕಾಗಿ ಪ್ರೋಗ್ರಾಂ ಕಟ್ಟುವುದು, ಹಾಗಾಗಿ ಈ ಕೆಲಸದಲ್ಲಿ ಎರಡು ಯಂತ್ರಗಳಿವೆ: ನಿಮ್ಮ ಮೇಜಿನ ಮೇಲಿರುವ ಎಕ್ಸ್86-64 ಲ್ಯಾಪ್‌ಟಾಪ್ ಮತ್ತು ಆರ್ಮ್ ಬಗೆಯ ಕಾರ್ಟೆಕ್ಸ್-ಎ8 ಪ್ರೊಸೆಸರಿನ ಬೋರ್ಡ್. ಕಟ್ಟುವ ಹಾದಿಯುದ್ದಕ್ಕೂ ಸಣ್ಣ ಸಣ್ಣ ಪ್ರಶ್ನೆಗಳು ಏಳುತ್ತವೆ: ಈ ಹೆಡರ್ ಎಲ್ಲಿದೆ, ಆ ಲೈಬ್ರರಿ ಯಾವ ಆವೃತ್ತಿಯದು, ಇದೀಗ ಹುಟ್ಟಿದ ಪ್ರೋಗ್ರಾಂ ಓಡುತ್ತದೆಯೇ. ಬೋರ್ಡು ಉತ್ತರಿಸಬೇಕಾದ ಪ್ರಶ್ನೆಗೆ ಲ್ಯಾಪ್‌ಟಾಪ್ ಉತ್ತರಿಸಿದಾಗ, ಅಥವಾ ಲ್ಯಾಪ್‌ಟಾಪಿನಲ್ಲಿ ಓಡಬೇಕಾದದ್ದನ್ನು ಬೋರ್ಡಿಗೆಂದು ಕಟ್ಟಿದಾಗ, ಕ್ರಾಸ್ ಕಂಪೈಲ್ ಕೆಡುತ್ತದೆ. ಆದ್ದರಿಂದ ಪ್ರತಿಯೊಂದು ದೋಷದ ಮುಂದೆ ಕೇಳಿಕೊಳ್ಳಬೇಕಾದದ್ದು ‘ಇದನ್ನು ಹೇಗೆ ಸುಮ್ಮನಾಗಿಸಲಿ’ ಎಂದಲ್ಲ, ‘ಇಲ್ಲಿ ಯಾವ ಯಂತ್ರವನ್ನು ಕೇಳಬೇಕಿತ್ತು, ಯಾವುದನ್ನು ಕೇಳಿದರು’ ಎಂದು. ನೀವು ಮಾಡಿದ ಪರಿಹಾರಗಳಲ್ಲಿ ಮೇಕ್ ಕ್ಲೀನ್ ಒಂದನ್ನು ಬಿಟ್ಟರೆ ಉಳಿದವೆಲ್ಲ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಗಿವೆ. ಅವುಗಳಲ್ಲಿ ಒಂದಂತೂ ನಿಮ್ಮ ಉಪಕರಣದ ಅಳತೆಯನ್ನೇ ಕೆಡಿಸುತ್ತದೆ ಎಂಬುದು ನನ್ನ ಅನುಮಾನ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳೋಣ, ಏಕೆಂದರೆ ಅನುಭವಸ್ಥರೂ ಇಲ್ಲಿ ಜಾರುತ್ತಾರೆ. ಆಟೋಕಾನ್ಫ್‌ನ ಭಾಷೆಯಲ್ಲಿ ‘ಬಿಲ್ಡ್’ ಎಂದರೆ ಕಟ್ಟುವ ಕೆಲಸ ನಡೆಯುವ ಯಂತ್ರ, ಅಂದರೆ ಲ್ಯಾಪ್‌ಟಾಪ್. ‘ಹೋಸ್ಟ್’ ಎಂದರೆ ಕಟ್ಟಿದ್ದು ಓಡುವ ಯಂತ್ರ, ಅಂದರೆ ಬೋರ್ಡ್. ‘ಟಾರ್ಗೆಟ್’ ಎಂಬ ಮೂರನೆಯ ಪದ ಕಂಪೈಲರನ್ನೇ ಕಟ್ಟುವವರಿಗೆ ಮಾತ್ರ ಬೇಕು, ನಿಮಗೆ ಬೇಡ. ಆದರೆ ಬಿಲ್ಡ್‌ರೂಟ್‌ನಲ್ಲಿ ‘ಹೋಸ್ಟ್’ ಎಂದರೆ ಲ್ಯಾಪ್‌ಟಾಪ್, ‘ಟಾರ್ಗೆಟ್’ ಎಂದರೆ ಬೋರ್ಡ್. ಲಿನಕ್ಸ್ ಕರ್ನಲ್‌ನ ಮೇಕ್‌ಫೈಲ್‌ಗಳಲ್ಲಿರುವ ‘ಹೋಸ್ಟ್‌ಸಿಸಿ’ಯೂ ಲ್ಯಾಪ್‌ಟಾಪಿನ ಕಂಪೈಲರೇ. ಬಿಲ್ಡ್‌ರೂಟ್‌ನಂಥದೇ ಇನ್ನೊಂದು ವ್ಯವಸ್ಥೆಯಾದ ಯೋಕ್ಟೋದವರು ಲ್ಯಾಪ್‌ಟಾಪಿಗೆ ‘ನೇಟಿವ್’ ಎಂದು ಬೇರೆ ಹೆಸರಿಟ್ಟು ಈ ಜಗಳದಿಂದ ಸ್ವಲ್ಪ ಪಾರಾಗಿದ್ದಾರೆ. ಹಾಗಾಗಿ ಯಾವುದೇ ಸೂಚನೆಯನ್ನು ಓದುವಾಗ ಅದು ಯಾವ ಮನೆಯ ಮಾತು ಎಂದು ಮೊದಲು ನೋಡಿಕೊಳ್ಳಿ. ಈ ಉತ್ತರದಲ್ಲಿ ನಾನು ಲ್ಯಾಪ್‌ಟಾಪ್, ಬೋರ್ಡ್ ಎಂದೇ ಬರೆಯುತ್ತೇನೆ.

ಇನ್ನು ಮೊದಲನೆಯ ದೋಷ. ಕಾನ್ಫಿಗರ್ ಸ್ಕ್ರಿಪ್ಟ್ ಎರಡು ಬಗೆಯ ಪರೀಕ್ಷೆಗಳನ್ನು ಮಾಡುತ್ತದೆ. ಒಂದು ಬಗೆಯದು ಸಣ್ಣ ಸಿ ಫೈಲೊಂದನ್ನು ಕಂಪೈಲ್ ಮಾಡಿ ಅಥವಾ ಲಿಂಕ್ ಮಾಡಿ ನೋಡುತ್ತದೆ. ಅದು ಕ್ರಾಸ್ ಕಂಪೈಲರಿನಲ್ಲೂ ಏನೂ ತೊಂದರೆಯಿಲ್ಲದೆ ನಡೆಯುತ್ತದೆ. ಇನ್ನೊಂದು ಬಗೆಯದು ಹಾಗೆ ಕಟ್ಟಿದ್ದನ್ನು ಅಲ್ಲಿಯೇ ಓಡಿಸಿ ಉತ್ತರ ಪಡೆಯುತ್ತದೆ. ಬೋರ್ಡಿನ ಪ್ರೋಗ್ರಾಂ ಲ್ಯಾಪ್‌ಟಾಪಿನಲ್ಲಿ ಓಡುವಂತಿಲ್ಲ; ಓಡಿಸಲಾಗದಿದ್ದರೆ ಯಾವ ಉತ್ತರವನ್ನು ಇಟ್ಟುಕೊಳ್ಳಬೇಕೆಂದು ಮೂಲ ಲೇಖಕರು ಬರೆದಿಟ್ಟಿರದಿದ್ದರೆ, ಸ್ಕ್ರಿಪ್ಟ್ ನೀವು ಕಂಡ ಆ ಮಾತನ್ನು ಹೇಳಿ ನಿಲ್ಲುತ್ತದೆ. ಅಂದರೆ ಅದು ಪ್ರಾಮಾಣಿಕವಾದ ದೋಷ: ‘ನನಗೆ ಗೊತ್ತಿಲ್ಲ, ನೀವೇ ಹೇಳಿ’ ಎನ್ನುತ್ತಿದೆ. ನೀವು ಉತ್ತರ ಹೇಳುವ ಬದಲು ಪ್ರಶ್ನೆಯನ್ನೇ ಅಳಿಸಿದಿರಿ.

ಅಳಿಸಿದ ಸಾಲುಗಳನ್ನು ನೀವು ಪ್ರಶ್ನೆಯ ಜೊತೆಗೆ ಕಳುಹಿಸಿದ್ದು ಒಳ್ಳೆಯದಾಯಿತು. ಆ ಪರೀಕ್ಷೆ ಕೇಳುತ್ತಿದ್ದುದು ಇಷ್ಟೇ: ಯಾವ ವಿಶೇಷಣವೂ ಇಲ್ಲದ ‘ಚಾರ್’ ಎಂಬ, ಒಂದು ಬೈಟ್ ಹಿಡಿಯುವ ದತ್ತಾಂಶದ ಜಾತಿ ಋಣ ಸಂಖ್ಯೆಯನ್ನು ಹಿಡಿಯಬಲ್ಲುದೇ ಇಲ್ಲವೇ? ಸಿ ಭಾಷೆಯ ನಿಯಮ ಇದನ್ನು ಕಂಪೈಲರಿಗೆ ಬಿಟ್ಟಿದೆ. ಎಕ್ಸ್86 ಲಿನಕ್ಸ್‌ನಲ್ಲಿ ಚಾರ್ -128ರಿಂದ 127ರವರೆಗೆ ಹೋಗುತ್ತದೆ; ಆರ್ಮ್ ಲಿನಕ್ಸ್‌ನಲ್ಲಿ 0ಯಿಂದ 255ರವರೆಗೆ. ಪರೀಕ್ಷೆಯೇ ಇಲ್ಲವಾದಾಗ ಅದು ಕೊಡಬೇಕಾಗಿದ್ದ ಮ್ಯಾಕ್ರೋ ಹುಟ್ಟುವುದಿಲ್ಲ, ಆಗ ನಿಮ್ಮ ಕೋಡ್ ಚಾರ್ ಋಣ ಸಂಖ್ಯೆಯನ್ನು ಹಿಡಿಯುತ್ತದೆ ಎಂಬ ಪಿಸಿಯ ದಾರಿಯನ್ನೇ ಹಿಡಿಯುತ್ತದೆ. ಸಂವೇದಕದಿಂದ ಬಂದ ಬೈಟನ್ನು ಚಾರ್‌ಗೆ ತುಂಬಿ ಉಷ್ಣತೆಯೆಂದು ಓದುವ ಸಾಲು ನಿಮ್ಮಲ್ಲಿದ್ದರೆ, ಶೈತ್ಯಾಗಾರ -18 ಡಿಗ್ರಿಯಲ್ಲಿರುವಾಗ ಬೋರ್ಡು 238 ಡಿಗ್ರಿ ಎಂದು ದಾಖಲಿಸುತ್ತದೆ. ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡದಿರಬಹುದು. ಮೇಜಿನ ಮೇಲೆ, ಕೋಣೆಯ ಉಷ್ಣತೆಯಲ್ಲಿ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಇಂಥ ಪರೀಕ್ಷೆಗೆ ಪರಿಹಾರ ಮೂರು ಮಟ್ಟದಲ್ಲಿದೆ. ತಕ್ಷಣಕ್ಕೆ, ಉತ್ತರವನ್ನು ನೀವೇ ಕೊಡಬಹುದು: ಆಟೋಕಾನ್ಫ್ ತನ್ನ ಪ್ರತಿಯೊಂದು ತೀರ್ಮಾನವನ್ನೂ ‘ಎಸಿ_ಸಿವಿ_’ ಎಂದು ಆರಂಭವಾಗುವ ಕ್ಯಾಶ್ ವೇರಿಯಬಲ್‌ನಲ್ಲಿ ಇಡುತ್ತದೆ, ಅದರ ಬೆಲೆಯನ್ನು ಮೊದಲೇ ಎನ್ವಿರಾನ್ಮೆಂಟ್‌ನಲ್ಲಿ ಕೊಟ್ಟರೆ ಪರೀಕ್ಷೆ ಓಡುವುದೇ ಇಲ್ಲ. ಆದರೆ ಆ ಬೆಲೆ ಬೋರ್ಡಿನದಾಗಿರಬೇಕು, ಲ್ಯಾಪ್‌ಟಾಪಿನಲ್ಲಿ ಓಡಿಸಿ ಪಡೆದದ್ದಾಗಿರಬಾರದು. ನಿಮ್ಮ ಪರೀಕ್ಷೆ ಕೈಯಿಂದ ಬರೆದದ್ದಾದ್ದರಿಂದ ಅದು ಕ್ಯಾಶ್ ವೇರಿಯಬಲ್ಲನ್ನು ನೋಡುತ್ತದೆಯೇ ಎಂದೂ ಪರಿಶೀಲಿಸಿ. ಅನೇಕರು ಆ ಹೊದಿಕೆಯಿಲ್ಲದೆಯೇ ಬರೆದಿರುತ್ತಾರೆ. ಎರಡನೆಯ ಮಟ್ಟದಲ್ಲಿ, ಪರೀಕ್ಷೆಯನ್ನು ಓಡಿಸದೆಯೇ ಉತ್ತರ ಸಿಗುವಂತೆ ಬರೆಯಬಹುದು. ಕಂಪೈಲ್ ಸಮಯದಲ್ಲೇ ತಿಳಿಯುವ ಸಂಗತಿಯನ್ನು ಅರೇಯ ಉದ್ದವಾಗಿ ಇಟ್ಟು, ಸುಳ್ಳಾದರೆ ಉದ್ದ ಋಣವಾಗುವಂತೆ ಮಾಡಿದರೆ ಕಂಪೈಲರ್ ನಿರಾಕರಿಸುತ್ತದೆ. ಆ ನಿರಾಕರಣೆಯೇ ಉತ್ತರ. ಆಟೋಕಾನ್ಫ್ ಒಂದು ಜಾತಿಯ ಗಾತ್ರವನ್ನು ಕ್ರಾಸ್ ಕಂಪೈಲಿನಲ್ಲಿ ಕಂಡುಹಿಡಿಯುವುದೂ ಈ ಉಪಾಯದಿಂದಲೇ: ‘ನಾಲ್ಕಕ್ಕಿಂತ ದೊಡ್ಡದೇ, ಎಂಟಕ್ಕಿಂತ ಚಿಕ್ಕದೇ’ ಎಂದು ಮತ್ತೆ ಮತ್ತೆ ಕಂಪೈಲ್ ಮಾಡಿಸಿ, ಒಂದು ಬಾರಿಯೂ ಓಡಿಸದೆ ಸಂಖ್ಯೆಗೆ ಬಂದು ನಿಲ್ಲುತ್ತದೆ. ಮೂರನೆಯದು ಎಲ್ಲಕ್ಕಿಂತ ಉತ್ತಮ: ಆ ಚಾರ್ ಅನ್ನು ‘ಇಂಟ್8_ಟಿ’ ಎಂದು ಬರೆದುಬಿಡಿ. ಪ್ರಶ್ನೆಯೇ ಏಳದು, ಪರೀಕ್ಷೆಯನ್ನು ನಿಜವಾಗಿಯೂ ಅಳಿಸಬಹುದು.

ಎರಡನೆಯ ದೋಷದಲ್ಲಿನ 62 ಎಂಬ ಅಂಕಿಯನ್ನು ಹೆಚ್ಚಿನವರು ಓದದೆ ಮುಂದೆ ಹೋಗುತ್ತಾರೆ, ರೋಗವನ್ನು ಹೇಳುವುದೇ ಅದು. ಲಿನಕ್ಸ್‌ನ ಪ್ರೋಗ್ರಾಂ ಮತ್ತು ಆಬ್ಜೆಕ್ಟ್ ಫೈಲುಗಳ ರೂಪದ ಹೆಸರು ಎಲ್ಫ್; ಆ ರೂಪದ ಪ್ರತಿ ಫೈಲಿನ ತಲೆಯಲ್ಲೂ ಅದು ಯಾವ ಪ್ರೊಸೆಸರಿನದೆಂಬ ಸಂಖ್ಯೆ ಇರುತ್ತದೆ: 3 ಎಂದರೆ 32 ಬಿಟ್‌ನ ಎಕ್ಸ್86, 8 ಮಿಪ್ಸ್, 40 ಆರ್ಮ್, 62 ಎಕ್ಸ್86-64, 183 ಆರ್ಮ್‌ನ 64 ಬಿಟ್ ರೂಪ, 243 ರಿಸ್ಕ್-ಫೈವ್. ಆರ್ಮ್ ಲಿಂಕರಿಗೆ 62ರ ಫೈಲ್ ಸಿಕ್ಕಿದೆ ಎಂದರೆ ಲ್ಯಾಪ್‌ಟಾಪಿನ ಕಂಪೈಲರ್ ಹುಟ್ಟಿಸಿದ ಆಬ್ಜೆಕ್ಟ್ ಎಲ್ಲಿಂದಲೋ ನುಗ್ಗಿದೆ. ನಿಮ್ಮ ವಿಷಯದಲ್ಲಿ ಅದು ಹಳೆಯ ಎಂಜಲು: ಅದೇ ಡೈರೆಕ್ಟರಿಯಲ್ಲಿ ಮೊದಲು ಪಿಸಿಗಾಗಿ ಕಟ್ಟಿದ್ದಿರಿ, ಕಾನ್ಫಿಗರ್ ಮತ್ತೆ ಓಡಿದಾಗ ಕಾನ್ಫಿಗ್ ಹೆಡರನ್ನು ಬಳಸುವ ಫೈಲುಗಳು ಮಾತ್ರ ಹೊಸದಾಗಿ ಕಂಪೈಲ್ ಆದವು, ಒಳಗಿನ ಪುಟ್ಟ ಸ್ಟ್ಯಾಟಿಕ್ ಲೈಬ್ರರಿ ಹಾಗೆಯೇ ಉಳಿಯಿತು. ಮೇಕ್ ಕ್ಲೀನ್ ಅದನ್ನು ಸರಿಪಡಿಸಿತು. ಆದರೂ ಸೋರ್ಸ್ ಡೈರೆಕ್ಟರಿಯಿಂದ ಹೊರಗೆ, ಲ್ಯಾಪ್‌ಟಾಪಿಗೊಂದು ಬೋರ್ಡಿಗೊಂದು ಪ್ರತ್ಯೇಕ ಡೈರೆಕ್ಟರಿಯಲ್ಲಿ ಕಟ್ಟುವ ರೂಢಿ ಮಾಡಿಕೊಂಡರೆ ಈ ಕಷ್ಟ ಎಂದೂ ಬಾರದು. ಇದೇ ದೋಷ ಸ್ವಚ್ಛ ಸೋರ್ಸ್‌ನಲ್ಲೂ ಬಂದರೆ, ಮೇಕ್‌ಫೈಲಿನ ಯಾವುದೋ ಮೂಲೆಯಲ್ಲಿ ಜಿಸಿಸಿ (ಲ್ಯಾಪ್‌ಟಾಪಿನ ಸಿ ಕಂಪೈಲರ್) ಎಂದು ನೇರವಾಗಿ ಬರೆದಿದೆ ಎಂದು ತಿಳಿಯಿರಿ; ‘ವಿ=1’ ಕೊಟ್ಟು ಮೇಕ್ ಓಡಿಸಿದರೆ ಪ್ರತಿ ಆದೇಶದ ಪೂರ್ಣ ರೂಪ ಕಾಣುತ್ತದೆ, ಅಲ್ಲಿ ಆರ್ಮ್ ಎಂಬ ಪೂರ್ವಪ್ರತ್ಯಯವಿಲ್ಲದ ಕಂಪೈಲರ್ ಎಲ್ಲಿದೆಯೆಂದು ಹುಡುಕಿ.

ಬೇರೆ ಪ್ರೊಸೆಸರಿನ ಪ್ರೋಗ್ರಾಂ ಇಲ್ಲಿ ಓಡದು ಎನ್ನುವ ಮೂರನೆಯ ದೋಷ, ‘ಎಕ್ಸೆಕ್ ಫಾರ್ಮ್ಯಾಟ್ ಎರರ್’, ಹೊರಬಂದದ್ದು ಮೇಕ್ ಕ್ಲೀನ್‌ನಿಂದಲೇ, ಅದು ಆಕಸ್ಮಿಕವಲ್ಲ. ನಿಮ್ಮ ಪ್ಯಾಕೇಜಿನಲ್ಲಿ ರಿಜಿಸ್ಟರುಗಳ ಕೋಷ್ಟಕವನ್ನು ಸಿ ಫೈಲಾಗಿ ಬರೆದುಕೊಡುವ ಪುಟ್ಟ ಸಹಾಯಕ ಪ್ರೋಗ್ರಾಂ ಇದೆ. ಹಳೆಯ ಕೋಷ್ಟಕ ಡೈರೆಕ್ಟರಿಯಲ್ಲಿ ಇರುವವರೆಗೆ ಅದನ್ನು ಓಡಿಸುವ ಅಗತ್ಯ ಮೇಕ್‌ಗೆ ಬೀಳಲಿಲ್ಲ. ಅಳಿಸಿದ ಮೇಲೆ ಬಿತ್ತು. ಆಗ ಸಹಾಯಕವನ್ನು ಆರ್ಮ್ ಕಂಪೈಲರಿನಿಂದ ಕಟ್ಟಿ ಲ್ಯಾಪ್‌ಟಾಪಿನಲ್ಲಿ ಓಡಿಸಲು ಹೋಯಿತು. ಆ ಪ್ರೋಗ್ರಾಂ ಬೋರ್ಡಿಗೆ ಹೋಗುವುದೇ ಇಲ್ಲ, ಅದರ ಕೆಲಸ ಕಟ್ಟುವ ಸಮಯದಲ್ಲೇ ಮುಗಿಯುತ್ತದೆ. ಹಾಗಾಗಿ ಅದನ್ನು ಲ್ಯಾಪ್‌ಟಾಪಿನ ಕಂಪೈಲರಿನಿಂದಲೇ ಕಟ್ಟಬೇಕು. ರೂಢಿಯ ಹೆಸರು ‘ಸಿಸಿ_ಫಾರ್_ಬಿಲ್ಡ್’. ಕಾನ್ಫಿಗರ್.ಎಸಿ ಫೈಲಿನಲ್ಲಿ ಆ ವೇರಿಯಬಲ್ಲನ್ನು ಘೋಷಿಸಿ, ಸಹಾಯಕಕ್ಕೆ ಆಟೋಮೇಕ್‌ನ ಸಾಮಾನ್ಯ ನಿಯಮವನ್ನು ಬಿಟ್ಟು ಕೈಯಿಂದ ಒಂದು ನಿಯಮ ಬರೆಯಿರಿ, ಅದರಲ್ಲಿ ಈ ಕಂಪೈಲರನ್ನು ಕರೆಯಿರಿ. ಬೋರ್ಡಿನ ಸಿ-ಫ್ಲ್ಯಾಗ್ಸ್ ಅಲ್ಲಿಗೆ ಹೋಗಬಾರದು, ಇಲ್ಲವಾದರೆ ಲ್ಯಾಪ್‌ಟಾಪಿನ ಕಂಪೈಲರ್ ಕಾರ್ಟೆಕ್ಸ್‌ನ ಆಯ್ಕೆಗಳನ್ನು ಕಂಡು ಮುನಿಸಿಕೊಳ್ಳುತ್ತದೆ. ಸಹಾಯಕ ಪ್ರೋಗ್ರಾಂ ಬೋರ್ಡಿನ ಕಾನ್ಫಿಗ್ ಹೆಡರನ್ನೂ ಸೇರಿಸಿಕೊಳ್ಳಬಾರದು: ಅದರಲ್ಲಿ ಬರೆದಿರುವುದೆಲ್ಲ ಬೋರ್ಡಿನ ವಿಷಯ. ಎನ್‌ಕರ್ಸಸ್‌ನಂಥ ದೊಡ್ಡ ಪ್ಯಾಕೇಜುಗಳೂ ತಮ್ಮ ಕೋಷ್ಟಕಗಳನ್ನು ಇದೇ ರೀತಿ ಲ್ಯಾಪ್‌ಟಾಪಿನ ಕಂಪೈಲರಿನಿಂದ ಕಟ್ಟಿದ ಪುಟ್ಟ ಪ್ರೋಗ್ರಾಂಗಳಿಂದ ಮಾಡಿಸಿಕೊಳ್ಳುತ್ತವೆ.

ಕ್ಯೂಎಮು ಹಾಕಿದರೆ ತಪ್ಪೇನು ಎಂದು ನೀವು ಕೇಳಬಹುದು, ಓಡಿತಲ್ಲ. ಲಿನಕ್ಸ್ ಕರ್ನಲ್‌ಗೆ ‘ಬಿನ್‌ಎಫ್‌ಎಂಟಿ’ ಎಂಬ ನೋಂದಣಿ ಇದೆ. ಆರ್ಮ್ ಫೈಲ್ ಕಂಡರೆ ಕ್ಯೂಎಮುವಿಗೆ ಒಪ್ಪಿಸು ಎಂದು ಅಲ್ಲಿ ದಾಖಲಾದ ಮೇಲೆ ನಿಮ್ಮ ಲ್ಯಾಪ್‌ಟಾಪ್ ಬೋರ್ಡಿನ ಪ್ರೋಗ್ರಾಂಗಳನ್ನು ಸದ್ದಿಲ್ಲದೆ ಓಡಿಸತೊಡಗುತ್ತದೆ. ಅಲ್ಲಿಂದ ಮುಂದೆ ಈ ಬಗೆಯ ದೋಷಗಳು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಇನ್ನೊಬ್ಬರ ಯಂತ್ರದಲ್ಲಿ ಬೀಳುತ್ತವೆ. ಇದಕ್ಕಿಂತ ಸೂಕ್ಷ್ಮವಾದದ್ದೊಂದಿದೆ. ನೀವು --ಹೋಸ್ಟ್ ಮಾತ್ರ ಕೊಟ್ಟು --ಬಿಲ್ಡ್ ಕೊಡದೇ ಹೋದರೆ, ಆಟೋಕಾನ್ಫ್ ತಾನು ಕ್ರಾಸ್ ಕಂಪೈಲ್ ಮಾಡುತ್ತಿದ್ದೇನೆಯೇ ಎಂಬುದನ್ನು ‘ಇರಬಹುದು’ ಎಂದು ಇಟ್ಟುಕೊಂಡು, ಪುಟ್ಟ ಪ್ರೋಗ್ರಾಂ ಒಂದನ್ನು ಓಡಿಸಿ ನೋಡುತ್ತದೆ. ಓಡಿದರೆ ‘ಇದು ಕ್ರಾಸ್ ಅಲ್ಲ’ ಎಂದು ತೀರ್ಮಾನಿಸುತ್ತದೆ. ಕ್ಯೂಎಮು ಇರುವ ಯಂತ್ರದಲ್ಲಿ ಅದು ಓಡುತ್ತದೆ! ಹೀಗೆ ಒಂದೇ ಸೋರ್ಸ್, ಒಂದೇ ಟೂಲ್‌ಚೈನ್ ಇದ್ದರೂ ನಿಮ್ಮ ಯಂತ್ರದಲ್ಲಿ ಒಂದು ಕಾನ್ಫಿಗ್ ಹೆಡರ್, ಸಹೋದ್ಯೋಗಿಯಲ್ಲಿ ಇನ್ನೊಂದು ಹುಟ್ಟುತ್ತದೆ. ಎರಡೂ ಆಯ್ಕೆಗಳನ್ನು ಯಾವಾಗಲೂ ಕೊಡಿ. ಅವು ಬೇರೆ ಬೇರೆಯಾಗಿದ್ದರೆ ಕ್ರಾಸ್ ಎಂಬುದು ಖಚಿತವಾಗುತ್ತದೆ, ಓಡಿಸಿ ನೋಡುವ ಮಾತಿಲ್ಲ. ಜಿಆಬ್ಜೆಕ್ಟ್ ಇಂಟ್ರೊಸ್ಪೆಕ್ಷನ್‌ನಂತೆ, ಬೋರ್ಡಿನ ಲೈಬ್ರರಿಯನ್ನು ನಿಜವಾಗಿಯೂ ಓಡಿಸಿಯೇ ಮಾಹಿತಿ ತೆಗೆಯಬೇಕಾದ ಕೆಲವು ಪ್ಯಾಕೇಜುಗಳಿಗೆ ಕ್ಯೂಎಮು ನ್ಯಾಯವಾದ ಸಾಧನ, ಅಲ್ಲಿಯೂ ಅದನ್ನು ಆ ಒಂದು ಹೆಜ್ಜೆಗೆ ಹೆಸರಿಟ್ಟು ಕರೆಯುತ್ತಾರೆ. ನಿಮ್ಮ ಯಂತ್ರದಲ್ಲಿ ಆ ನೋಂದಣಿಯನ್ನು ತೆಗೆದು ಮತ್ತೆ ಕಟ್ಟಿ ನೋಡಿ.

ಆರ್‌ಪಿಎಲ್_ಮ್ಯಾಲಕ್ ಎಂಬುದು ಈ ಕ್ಷೇತ್ರದ ಹಳೆಯ ಗಿರಾಕಿ. ಸೊನ್ನೆ ಬೈಟ್ ಕೇಳಿದಾಗ, ಮೆಮರಿ ಒದಗಿಸುವ ಫಂಕ್ಷನ್ನಾದ ಮ್ಯಾಲಕ್ ಖಾಲಿ ಪಾಯಿಂಟರ್ ಕೊಡುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುವ ಆಟೋಕಾನ್ಫ್ ಮ್ಯಾಕ್ರೋ ಒಂದಿದೆ. ಅದು ಓಡಿಸಿ ನೋಡುವ ಪರೀಕ್ಷೆ. 2012ರಲ್ಲಿ ಬಂದ 2.69ನೆಯ ಆವೃತ್ತಿ ಮತ್ತು ಅದಕ್ಕಿಂತ ಹಿಂದಿನವು ಹುಟ್ಟಿಸಿದ ಕಾನ್ಫಿಗರ್‌ಗಳು, ಕ್ರಾಸ್ ಆಗಿದ್ದರೆ ‘ಕೆಟ್ಟದ್ದೇ ಇರಲಿ’ ಎಂದು ಊಹಿಸುತ್ತವೆ. ಊಹಿಸಿದ ಮೇಲೆ ಸೋರ್ಸಿನಲ್ಲಿರುವ ಮ್ಯಾಲಕ್‌ಗಳನ್ನೆಲ್ಲ ಆರ್‌ಪಿಎಲ್_ಮ್ಯಾಲಕ್ ಎಂದು ಬದಲಿಸಿ, ಆ ಬದಲಿ ಫಂಕ್ಷನ್ನನ್ನು ಪ್ಯಾಕೇಜು ತಾನೇ ತಂದಿರುತ್ತದೆ ಎಂದು ನಂಬುತ್ತವೆ. ಹೆಚ್ಚಿನ ಪ್ಯಾಕೇಜುಗಳು ತಂದಿರುವುದಿಲ್ಲ. ಕಾನ್ಫಿಗರ್.ಎಸಿಯ ಕರಡು ಬರೆದುಕೊಡುವ ಆಟೋಸ್ಕ್ಯಾನ್ ಸೂಚಿಸಿತೆಂದು ಆ ಮ್ಯಾಕ್ರೋ ಸೇರಿಕೊಂಡಿರುತ್ತದೆ, ಅಷ್ಟೇ. ನೀವೇ ಬರೆದ ಫಂಕ್ಷನ್ ಹಾನಿಯನ್ನೇನೂ ಮಾಡದು, ಆದರೆ ಅಗತ್ಯವೇ ಇಲ್ಲ. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಮ್ಯಾಲಕ್ ಸೊನ್ನೆಗೂ ಸರಿಯಾದ ಪಾಯಿಂಟರ್ ಕೊಡುತ್ತದೆ. ‘ಎಸಿ_ಸಿವಿ_ಫಂಕ್_ಮ್ಯಾಲಕ್_0_ನಾನ್‌ನಲ್’ ಎಂಬ ಕ್ಯಾಶ್ ವೇರಿಯಬಲ್‌ಗೆ ‘ಯೆಸ್’ ಎಂದು ಕೊಟ್ಟರೆ ಮುಗಿಯಿತು. ಬಿಲ್ಡ್‌ರೂಟ್ ತನ್ನ ಆಟೋಟೂಲ್ಸ್ ಪ್ಯಾಕೇಜುಗಳಿಗೆಲ್ಲ ಈ ಉತ್ತರವನ್ನೂ ಇಂಥ ಇನ್ನಷ್ಟನ್ನೂ ತಾನೇ ಮೊದಲೇ ಕೊಟ್ಟಿರುತ್ತದೆ. ನೀವು ಟೂಲ್‌ಚೈನನ್ನು ಮಾತ್ರ ಅದರಿಂದ ತೆಗೆದುಕೊಂಡು ಕಾನ್ಫಿಗರನ್ನು ಕೈಯಿಂದ ಓಡಿಸಿದ್ದರಿಂದ ಆ ಸಹಾಯ ನಿಮಗೆ ದೊರೆಯಲಿಲ್ಲ.

ಇನ್ನು ಸಹೋದ್ಯೋಗಿಯ ಯಂತ್ರ. ಅಲ್ಲಿ ಎಸ್‌ಕ್ಯೂಲೈಟ್ ಇಲ್ಲವೆನ್ನುವುದು ನಿಜ; ವಿಚಿತ್ರವಾದದ್ದು ನಿಮ್ಮಲ್ಲಿ ಇದೆ ಎನ್ನುವುದು. ಕಾನ್ಫಿಗರ್ ಕೇಳಿದ್ದು, ಯಾವ ಲೈಬ್ರರಿ ಎಲ್ಲಿದೆ ಎಂದು ಹೇಳುವ ಲ್ಯಾಪ್‌ಟಾಪಿನ ಪಿಕೆಜಿ-ಕಾನ್ಫಿಗ್ ಅನ್ನು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಸ್‌ಕ್ಯೂಲೈಟ್‌ನ ಅಭಿವೃದ್ಧಿ ಪ್ಯಾಕೇಜು ಎಂದೋ ಸ್ಥಾಪಿತವಾಗಿದೆ, ಹಾಗಾಗಿ ಅದು ‘ಇದೆ’ ಎಂದಿತು. ವ್ಯವಸ್ಥೆಯ ಸಾಮಾನ್ಯ ಡೈರೆಕ್ಟರಿಗಳನ್ನು ಪಿಕೆಜಿ-ಕಾನ್ಫಿಗ್ ತನ್ನ ಉತ್ತರದಿಂದ ಕೈಬಿಡುವುದರಿಂದ, ಲೈಬ್ರರಿಯ ಹೆಸರು ಮಾತ್ರ ಲಿಂಕರಿಗೆ ಹೋಯಿತು. ಕ್ರಾಸ್ ಲಿಂಕರ್ ಆ ಹೆಸರನ್ನು ಬಿಲ್ಡ್‌ರೂಟ್‌ನ ಸಿಸ್‌ರೂಟ್‌ನಲ್ಲಿ (ಬೋರ್ಡಿನ ಹೆಡರ್, ಲೈಬ್ರರಿಗಳನ್ನು ಇಟ್ಟಿರುವ ಡೈರೆಕ್ಟರಿ) ಹುಡುಕಿ, ಬೋರ್ಡಿನ ಎಸ್‌ಕ್ಯೂಲೈಟ್ ಅಲ್ಲಿ ಇದ್ದುದರಿಂದ ಕೆಲಸ ಮುಗಿಸಿತು. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡವು. ಸಹೋದ್ಯೋಗಿಗೆ ಆ ಪ್ಯಾಕೇಜನ್ನು ಸ್ಥಾಪಿಸಿಕೊಳ್ಳಲು ಹೇಳಬೇಡಿ. ಅದರಿಂದ ದೋಷ ಹೋಗುತ್ತದೆ, ಆದರೆ ಮುಂದೆ ಕಾನ್ಫಿಗರ್ ‘ಆವೃತ್ತಿ ಎಷ್ಟು’ ಎಂದು ಕೇಳಿದಾಗ ಬೋರ್ಡಿನದಲ್ಲ, ಲ್ಯಾಪ್‌ಟಾಪಿನ ಆವೃತ್ತಿಯ ಸಂಖ್ಯೆ ಬರುತ್ತದೆ.

ಇಲ್ಲಿ ಮೂರು ಎನ್ವಿರಾನ್ಮೆಂಟ್ ವೇರಿಯಬಲ್‌ಗಳ ವ್ಯತ್ಯಾಸ ತಿಳಿದಿರಬೇಕು. ‘ಪಿಕೆಜಿ_ಕಾನ್ಫಿಗ್_ಪಾತ್’ ಹುಡುಕುವ ಪಟ್ಟಿಯ ಮುಂದೆ ಹೊಸ ಸ್ಥಳವನ್ನು ಸೇರಿಸುತ್ತದೆ ಅಷ್ಟೇ, ಲ್ಯಾಪ್‌ಟಾಪಿನ ಸ್ಥಳಗಳು ಹಿಂದೆ ಹಾಗೆಯೇ ಇರುತ್ತವೆ. ಬೋರ್ಡಿನಲ್ಲಿಲ್ಲದ ಲೈಬ್ರರಿ ಅಲ್ಲಿ ಸಿಕ್ಕಿಬಿಡುತ್ತದೆ. ‘ಪಿಕೆಜಿ_ಕಾನ್ಫಿಗ್_ಲಿಬ್‌ಡಿರ್’ ಆ ಮೂಲ ಪಟ್ಟಿಯನ್ನೇ ಬದಲಿಸುತ್ತದೆ. ‘ಪಿಕೆಜಿ_ಕಾನ್ಫಿಗ್_ಸಿಸ್‌ರೂಟ್_ಡಿರ್’ ಹೊರಬರುವ ಹೆಡರ್ ಮತ್ತು ಲೈಬ್ರರಿ ದಾರಿಗಳ ಮುಂದೆ ಸಿಸ್‌ರೂಟ್ ಅನ್ನು ಅಂಟಿಸುತ್ತದೆ. ನಿಮಗೆ ಬೇಕಾದದ್ದು ಕೊನೆಯ ಎರಡು, ಒಟ್ಟಿಗೆ. ಬಿಲ್ಡ್‌ರೂಟ್ ಇವೆಲ್ಲವನ್ನೂ ಒಳಗೇ ಇಟ್ಟುಕೊಂಡ ತನ್ನದೇ ಪಿಕೆಜಿ-ಕಾನ್ಫಿಗ್ ಅನ್ನು ಔಟ್‌ಪುಟ್ ಡೈರೆಕ್ಟರಿಯ ಹೋಸ್ಟ್/ಬಿನ್‌ನಲ್ಲಿ ಇಡುತ್ತದೆ. ಪಿಕೆಜಿ-ಕಾನ್ಫಿಗ್‌ಗಿಂತ ಹಳೆಯ ಕಾಲದ ಪ್ಯಾಕೇಜುಗಳು, ಹೆಸರಿನ ಕೊನೆಗೆ ‘-ಕಾನ್ಫಿಗ್’ ಎಂದು ಸೇರಿಸಿದ ತಮ್ಮದೇ ಸ್ಕ್ರಿಪ್ಟ್‌ಗಳನ್ನು ಕೊಡುತ್ತಿದ್ದವು. ಅವನ್ನು ಪಾತ್‌ನಲ್ಲಿ ಮೊದಲು ಸಿಕ್ಕಿದ ಕಡೆಯಿಂದ ಓಡಿಸಿದರೆ ಲ್ಯಾಪ್‌ಟಾಪಿನ ‘/ಯುಎಸ್ಆರ್/ಇನ್‌ಕ್ಲೂಡ್’ ಬಂದು ಕೂರುತ್ತದೆ. ಬಿಲ್ಡ್‌ರೂಟ್‌ನ ಕಂಪೈಲರ್ ಹೊದಿಕೆ ಇದನ್ನು ಕಂಡೊಡನೆ ‘ಅನ್‌ಸೇಫ್ ಹೆಡರ್ / ಲೈಬ್ರರಿ ಪಾತ್’ ಎಂದು ನಿಲ್ಲಿಸುತ್ತದೆ. ಆ ಕಾವಲನ್ನು ಆಫ್ ಮಾಡುವ ಆಯ್ಕೆ ನಿಮ್ಮ ಆವೃತ್ತಿಯ ಮೆನುವಿನಲ್ಲಿದ್ದರೂ ಆಫ್ ಮಾಡಬೇಡಿ. ಹಿಂದೊಮ್ಮೆ ನಾನು ಕೆಲಸ ಮಾಡಿದ ಯೋಜನೆಯೊಂದರಲ್ಲಿ ಅವಸರಕ್ಕೆ ಅದನ್ನು ಆಫ್ ಮಾಡಿದ್ದೆವು. ಲ್ಯಾಪ್‌ಟಾಪಿನ ಹೊಸ ಹೆಡರಿನಲ್ಲಿದ್ದ ಸ್ಟ್ರಕ್ಚರ್ ಒಂದಕ್ಕೆ ಬೋರ್ಡಿನ ಹಳೆಯ ಲೈಬ್ರರಿಯಲ್ಲಿದ್ದುದಕ್ಕಿಂತ ಒಂದು ಅಂಶ ಹೆಚ್ಚಿತ್ತು. ಕಟ್ಟುವಾಗ ಒಂದು ಮಾತೂ ಇಲ್ಲ, ಬೋರ್ಡಿನಲ್ಲಿ ಕೆಲವು ಗಂಟೆಗಳಿಗೊಮ್ಮೆ ಪ್ರೋಗ್ರಾಂ ಬಿದ್ದುಹೋಗುತ್ತಿತ್ತು. ಎರಡು ದಿನ ನಾವು ಮೆಮರಿ ಚಿಪ್ಪನ್ನು ಶಂಕಿಸಿದೆವು.

ಹಾಗಾಗಿ ನನ್ನ ಸಲಹೆ, ಕೈಯಿಂದ ಓಡಿಸುವುದನ್ನು ಬಿಟ್ಟು ನಿಮ್ಮ ಪ್ರೋಗ್ರಾಂ ಅನ್ನು ಬಿಲ್ಡ್‌ರೂಟ್‌ನ ಪ್ಯಾಕೇಜಾಗಿಯೇ ಬರೆಯಿರಿ. ಕೆಲಸ ದೊಡ್ಡದಲ್ಲ: ಮೆನುವಿನ ವಿವರಕ್ಕೆ ಒಂದು ಫೈಲ್, ಕಟ್ಟುವ ವಿವರಕ್ಕೆ ಹತ್ತು-ಹನ್ನೆರಡು ಸಾಲಿನ ಎಂಕೆ ಫೈಲ್ ಒಂದು. ಆ ಎರಡನೆಯದರಲ್ಲಿ ಅವಲಂಬನೆಗಳಾಗಿ ಎಸ್‌ಕ್ಯೂಲೈಟ್, ಝಡ್‌ಲಿಬ್ ಮತ್ತು ಹೋಸ್ಟ್-ಪಿಕೆಜಿಕಾನ್ಫ್ (ಬಿಲ್ಡ್‌ರೂಟ್‌ನ ಪಿಕೆಜಿ-ಕಾನ್ಫಿಗ್) ಈ ಮೂರನ್ನೂ ಬರೆಯಲು ಮರೆಯಬೇಡಿ. ಬರೆಯದಿದ್ದರೆ ಈಗ ಅವು ಮೊದಲೇ ಕಟ್ಟಿಕೊಂಡಿರುವುದರಿಂದ ನಡೆಯುತ್ತದೆ, ಮೊದಲಿಂದ ಕಟ್ಟಿದ ದಿನ ಕ್ರಮ ತಪ್ಪಿ ಬೀಳುತ್ತದೆ. ನೀವು ತಿದ್ದಬೇಕಾದದ್ದು ಕಾನ್ಫಿಗರ್ ಅಲ್ಲ, ಕಾನ್ಫಿಗರ್.ಎಸಿ, ತಿದ್ದಿದ ಮೇಲೆ ಕಾನ್ಫಿಗರನ್ನು ಹೊಸದಾಗಿ ಹುಟ್ಟಿಸಲು ‘ಆಟೋರೀಕಾನ್ಫ್’ ಅನ್ನು ‘ಯೆಸ್’ ಮಾಡಿ. 2009ರ ಪ್ಯಾಕೇಜಿಗೆ ಇದರಿಂದ ಇನ್ನೊಂದು ಲಾಭವಿದೆ: ನಾಳೆ ನೀವು 64 ಬಿಟ್‌ನ ಆರ್ಮ್ ಬೋರ್ಡಿಗೆ ಹೋದರೆ, ಯಂತ್ರಗಳ ಹೆಸರುಗಳನ್ನು ಗುರುತಿಸುವ ಹಳೆಯ ಕಾನ್ಫಿಗ್.ಸಬ್ ಫೈಲ್ ‘ಎಆರ್ಕ್64’ ಎಂಬ ಹೆಸರನ್ನೇ ಗುರುತಿಸುವುದಿಲ್ಲ, ಹೊಸದು ಗುರುತಿಸುತ್ತದೆ. ಸೋರ್ಸ್ ನಿಮ್ಮ ಸ್ಥಳೀಯ ಡೈರೆಕ್ಟರಿಯಿಂದ ಬರುವುದಾದರೆ ಅಲ್ಲಿ ಹಳೆಯ ಆಬ್ಜೆಕ್ಟ್ ಫೈಲುಗಳು ಬಿದ್ದಿರಬಾರದು. ಬಿಲ್ಡ್‌ರೂಟ್ ಅವನ್ನೂ ಸೇರಿಸಿಯೇ ನಕಲು ಮಾಡಿಕೊಳ್ಳುತ್ತದೆ, 62 ಮತ್ತೆ ಬರುತ್ತದೆ.

ಔಟ್‌ಪುಟ್ ಡೈರೆಕ್ಟರಿಯ ಒಳಗಿನ ಸೋರ್ಸನ್ನು ತಿದ್ದಿ ಸರಿಪಡಿಸುವ ಆಸೆ ಎಲ್ಲರಿಗೂ ಆಗುತ್ತದೆ. ಪ್ರಯೋಗಕ್ಕೆ ಅಡ್ಡಿಯಿಲ್ಲ, ಪ್ಯಾಕೇಜಿನ ಹೆಸರಿಗೆ ‘-ರೀಬಿಲ್ಡ್’ ಅಥವಾ ‘-ರೀಕಾನ್ಫಿಗರ್’ ಸೇರಿಸಿ ಮೇಕ್ ಓಡಿಸಿದರೆ ಆ ಹೆಜ್ಜೆಯಿಂದ ಮುಂದೆ ನಡೆಯುತ್ತದೆ. ಆದರೆ ‘-ಡಿರ್‌ಕ್ಲೀನ್’ ಮಾಡಿದ ಕ್ಷಣ ನಿಮ್ಮ ತಿದ್ದುಪಡಿ ಮಾಯವಾಗುತ್ತದೆ. ಬೇರೆಯವರ ಪ್ಯಾಕೇಜಾದರೆ ತಿದ್ದುಪಡಿಯನ್ನು 0001 ಎಂದು ಆರಂಭವಾಗುವ ಪ್ಯಾಚ್ ಫೈಲಾಗಿ ಪ್ಯಾಕೇಜಿನ ಡೈರೆಕ್ಟರಿಯಲ್ಲಿಡಿ, ನಿಮ್ಮದೇ ಆದರೆ ನೇರವಾಗಿ ನಿಮ್ಮ ರೆಪೊಸಿಟರಿಗೆ ಸೇರಿಸಿ, ಆಮೇಲೆ ಡಿರ್‌ಕ್ಲೀನ್ ಮಾಡಿ ಒಮ್ಮೆ ಪೂರ್ತಿಯಾಗಿ ಕಟ್ಟಿಸಿ. ಸಹೋದ್ಯೋಗಿಯ ಯಂತ್ರ ನಿಮಗೆ ಸಿಕ್ಕಿರುವ ಒಳ್ಳೆಯ ಪರೀಕ್ಷಾಗಾರ. ಅಲ್ಲಿ ಏನನ್ನೂ ಹೊಸದಾಗಿ ಸ್ಥಾಪಿಸದೆ ಕಟ್ಟುವವರೆಗೂ ಕೆಲಸ ಮುಗಿದಿಲ್ಲವೆಂದು ತಿಳಿಯಿರಿ.

ಮುಂದೆ ಎದುರಾಗಬಹುದಾದ ಎರಡು ಮೂರು ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಹಳೆಯ ಕೋಡನ್ನು ಹೊಸ ಜಿಸಿಸಿಯಿಂದ ಕಟ್ಟುವಾಗ ಬರುವ ಕೆಲವು ದೋಷಗಳಿಗೂ ಕ್ರಾಸ್ ಕಂಪೈಲಿಗೂ ಸಂಬಂಧವಿಲ್ಲ, ಆದರೆ ಎರಡೂ ಒಂದೇ ದಿನ ಬರುವುದರಿಂದ ಜನ ಬೆರೆಸಿಕೊಳ್ಳುತ್ತಾರೆ. 2020ರ ಜಿಸಿಸಿ 10ರಿಂದ, ಹೆಡರಿನಲ್ಲಿ ಎಕ್ಸ್‌ಟರ್ನ್ ಇಲ್ಲದೆ ಬರೆದ ಗ್ಲೋಬಲ್ ವೇರಿಯಬಲ್‌ಗಳು ‘ಮಲ್ಟಿಪಲ್ ಡೆಫಿನಿಷನ್’ ಎಂದು ಬೀಳುತ್ತವೆ. 2024ರ ಜಿಸಿಸಿ 14ರಿಂದ, ಘೋಷಿಸದೆ ಕರೆದ ಫಂಕ್ಷನ್ ಎಚ್ಚರಿಕೆಯಲ್ಲ, ದೋಷ. ಇದರ ಕೆಟ್ಟ ಮುಖ ಕಾನ್ಫಿಗರ್‌ನಲ್ಲಿದೆ: ಹೆಡರ್ ಸೇರಿಸದೆ ಬರೆದ ಹಳೆಯ ಪರೀಕ್ಷೆಗಳು ಈಗ ಕಂಪೈಲ್ ಆಗದೆ, ಇರುವ ಸೌಲಭ್ಯವನ್ನೂ ‘ಇಲ್ಲ’ ಎಂದು ಬರೆದು, ದೋಷ ತೋರಿಸದೆಯೇ ಮುಂದೆ ಹೋಗುತ್ತವೆ. ಆದ್ದರಿಂದ ಕಾನ್ಫಿಗರ್ ಯಶಸ್ವಿಯಾದರೂ ಕಾನ್ಫಿಗ್.ಲಾಗ್ ಫೈಲನ್ನು ಒಮ್ಮೆ ಓದಿ. ಪ್ರತಿ ‘ನೋ’ ಏಕೆ ಬಂತೆಂದು ಕಂಪೈಲರಿನ ಮಾತು ಅಲ್ಲಿ ದಾಖಲಾಗಿರುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಎಲ್ಲಿಯೂ ಆ ಫೈಲಿನ ಹೆಸರು ಬಾರದಿದ್ದುದು ನನಗೆ ಸ್ವಲ್ಪ ಬೇಸರ ತಂದಿತು. ಮೇಕ್‌ನ ಔಟ್‌ಪುಟ್‌ನಲ್ಲೂ ಅಷ್ಟೇ: ಹಲವು ಕೆಲಸಗಳು ಏಕಕಾಲಕ್ಕೆ ನಡೆಯುವಾಗ ನಿಜವಾದ ದೋಷ ಕೊನೆಯ ಸಾಲಿನಲ್ಲಿರದು, ನೂರಾರು ಸಾಲು ಮೇಲಿರುತ್ತದೆ; ‘-ಜೆ1’ ಕೊಟ್ಟು ಮತ್ತೆ ಓಡಿಸಿದರೆ ಅದು ಕೆಳಗೆ ಬರುತ್ತದೆ. -ಜೆ1 ಕೊಟ್ಟಾಗ ದೋಷವೇ ಹೋದರೆ ಮೇಕ್‌ಫೈಲಿನಲ್ಲಿ ಅವಲಂಬನೆಯೊಂದು ಬರೆಯದೆ ಉಳಿದಿದೆ ಎಂದರ್ಥ.

ಇನ್‌ಸ್ಟಾಲ್ ಹಂತದಲ್ಲಿ, ಫೈಲಿನಿಂದ ಓಡಲು ಬೇಡವಾದ ಮಾಹಿತಿಯನ್ನು ತೆಗೆಯುವ ಸ್ಟ್ರಿಪ್ ‘ಫೈಲಿನ ರೂಪ ಗುರುತಿಸಲಾಗಲಿಲ್ಲ’ ಎಂದರೆ, ಮೇಕ್‌ಫೈಲ್ ಇನ್‌ಸ್ಟಾಲ್‌ಗೆ ‘-ಎಸ್’ ಕೊಟ್ಟು ಲ್ಯಾಪ್‌ಟಾಪಿನ ಸ್ಟ್ರಿಪ್ಪನ್ನು ಕರೆದಿದೆ. ಆ ಆಯ್ಕೆಯನ್ನು ತೆಗೆಯಿರಿ, ಸ್ಟ್ರಿಪ್ ಮಾಡುವ ಕೆಲಸವನ್ನು ಬಿಲ್ಡ್‌ರೂಟ್ ಕೊನೆಯಲ್ಲಿ ತಾನೇ ಮಾಡುತ್ತದೆ. ದಿನಾಂಕದೊಂದಿಗೆ ದಾಖಲಿಸುವ ಉಪಕರಣವಾದ್ದರಿಂದ ಇದನ್ನೂ ನೆನಪಿಡಿ: 32 ಬಿಟ್ ಆರ್ಮ್‌ನಲ್ಲಿ ಕಾಲದ ಎಣಿಕೆ 2038ರ ಜನವರಿಯಲ್ಲಿ ತುಂಬಿ ಹೊರಳುತ್ತದೆ. 2021ರ ಜಿಲಿಬ್‌ಸಿ 2.34ರಿಂದ ‘_ಟೈಮ್_ಬಿಟ್ಸ್’ ಮತ್ತು ‘_ಫೈಲ್_ಆಫ್‌ಸೆಟ್_ಬಿಟ್ಸ್’ ಎರಡನ್ನೂ 64 ಎಂದು ಕೊಟ್ಟು ಕಟ್ಟಿದರೆ ಅದು ತಪ್ಪುತ್ತದೆ, ಆದರೆ ಕಾಲದ ಬೆಲೆಯನ್ನು ಪರಸ್ಪರ ದಾಟಿಸುವ ಲೈಬ್ರರಿಗಳೂ ಹಾಗೆಯೇ ಕಟ್ಟಿರಬೇಕು.

ಎಲ್ಲ ಕಟ್ಟಿದ ಮೇಲೆ ಬೋರ್ಡಿಗೆ ಒಯ್ಯುವ ಮುನ್ನ ರೀಡ್‌ಎಲ್ಫ್‌ನಿಂದ ಫೈಲಿನ ತಲೆಯನ್ನು ನೋಡಿ. ಯಂತ್ರದ ಸಾಲಿನಲ್ಲಿ ಆರ್ಮ್ ಎಂದಿರಬೇಕು, ಪ್ರೋಗ್ರಾಮನ್ನು ಅದರ ಲೈಬ್ರರಿಗಳೊಂದಿಗೆ ಮೆಮರಿಗೆ ತರುವ ಲೋಡರಿನ ಸಾಲಿನಲ್ಲಿ ‘ಎಲ್‌ಡಿ-ಲಿನಕ್ಸ್-ಆರ್ಮ್‌ಎಚ್‌ಎಫ್’ ಎಂಬ ಹೆಸರಿರಬೇಕು. ಬೋರ್ಡಿನಲ್ಲಿ ಆ ಲೋಡರ್ ಇಲ್ಲದಿದ್ದರೆ, ಕಣ್ಣೆದುರಿಗೆ ಇರುವ ಪ್ರೋಗ್ರಾಂ ಅನ್ನೇ ಶೆಲ್ ‘ಅಂಥ ಫೈಲಿಲ್ಲ’ ಎನ್ನುತ್ತದೆ. ಅದು ಹೇಳುತ್ತಿರುವುದು ಲೋಡರಿನ ಬಗ್ಗೆ, ನಿಮ್ಮ ಫೈಲಿನ ಬಗ್ಗೆ ಅಲ್ಲ. ಓಡತೊಡಗಿದ ಮೇಲೆ ಸಂವೇದಕವನ್ನು ಮೇಜಿನ ಮೇಲಿಟ್ಟು ತೃಪ್ತರಾಗಬೇಡಿ, ಫ್ರೀಜರಿನ ಒಳಗಿಟ್ಟು ಅರ್ಧ ಗಂಟೆ ಬಿಡಿ. ಅಳತೆ ಸೊನ್ನೆಯನ್ನು ದಾಟಿ ಕೆಳಗಿಳಿಯುವ ಬದಲು ಒಮ್ಮೆಲೇ 255ಕ್ಕೆ ಜಿಗಿದರೆ, ಚಾರ್ ಇನ್ನೂ ಎಲ್ಲೋ ಒಂದು ಕಡೆ ಉಳಿದಿದೆ.